ಬೇಬಿಯಕ್ಕನ ಪಾಸ್‌ಬುಕ್: ಉಡುಪಿಯ ಒಂದು ಪ್ರಕರಣ ಅಧ್ಯಯನ

ಅವರಿಗೆ 31 ವರ್ಷ. ಮನೆಯಲ್ಲಿ ಎಲ್ಲರಿಗೂ ‘ಬೇಬಿ’. ಗೇರುಬೀಜದ ಕಾರ್ಖಾನೆಯಲ್ಲಿ ಜೊತೆಗೆ ಕುಳಿತು ಸಿಪ್ಪೆ ತೆಗೆಯುವ ಹೆಂಗಸರಿಗೆ ‘ಬೇಬಿಯಕ್ಕ’. ಈ ಪ್ರಕರಣವನ್ನು ಬರೆಯಲೇ ಎಂದು ಕೇಳಿದಾಗ ಒಪ್ಪಿದರು. ದಾಖಲೆಯಲ್ಲಿರುವ ಹೆಸರು ಬೇಡ, ಬೇರೆ ಯಾವುದು ಹಾಕಲಿ ಎಂದರೆ, “ಫ್ಯಾಕ್ಟರಿಯಲ್ಲಿ ಕರೆಯುವ ಹಾಗೆ” ಎಂದರು. ಊರು, ಬ್ಯಾಂಕು, ಕಾರ್ಖಾನೆ ಯಾವುವೆಂದು ಹೇಳುವುದಿಲ್ಲ. ಉಡುಪಿ ಜಿಲ್ಲೆಯೊಳಗೆ, 2023ರ ಮಳೆಗಾಲದಿಂದ ಈಚೆಗೆ ನಡೆದದ್ದು ಎಂದರೆ ಸಾಕು.

ಬರಹದ ಉದ್ದಕ್ಕೂ ‘ಅವರು’ ಎಂದೇ ಬರೆಯುತ್ತೇನೆ. ಇದಕ್ಕೆ ಕಾರಣವಿದೆ. ಕನ್ನಡದಲ್ಲಿ ‘ನೀನು’ ಮತ್ತು ‘ನೀವು’, ತುಳುವಿನಲ್ಲಿ ‘ಈ’ ಮತ್ತು ‘ಈರ್’ ನಡುವೆ ಒಂದು ಹೊಸ್ತಿಲಿದೆ. ವಯಸ್ಸಿಗೆ ಬಂದವರನ್ನೆಲ್ಲ ಊರು ಒಂದಲ್ಲ ಒಂದು ದಿನ ಆ ಹೊಸ್ತಿಲಿನ ಒಳಗೆ ಕರೆದುಕೊಳ್ಳುತ್ತದೆ. ಬೇಬಿಯಕ್ಕನಂತೆ ಬೌದ್ಧಿಕ ಅಂಗವೈಕಲ್ಯ ಇರುವವರನ್ನು ಮಾತ್ರ ತಲೆ ನರೆತರೂ ಹೊರಗೇ ನಿಲ್ಲಿಸಿರುತ್ತೇವೆ. ಅಂಗಡಿಯವರು, ಕಂಡಕ್ಟರ್, ಡಾಕ್ಟರ್, ನಮ್ಮಂಥ ಶಿಕ್ಷಕರು, ಯಾರೂ ಇದಕ್ಕೆ ಹೊರತಲ್ಲ. ಈ ಪ್ರಕರಣದ ಬಹುಪಾಲು ತೊಡಕು ಅಲ್ಲಿಂದಲೇ ಶುರುವಾಗುತ್ತದೆ.

ಬ್ಯಾಂಕಿನ ಕೌಂಟರಿನಲ್ಲಿ

ಉಡುಪಿಯಿಂದ ಕಾರ್ಕಳದ ಕಡೆಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಗೆ ಒಂದು ಕಿಲೋಮೀಟರ್ ನಡೆದರೆ ಅವರ ಮನೆ. ತಾಯಿ, ಅಣ್ಣ, ಅತ್ತಿಗೆ, ಅಣ್ಣನ ಇಬ್ಬರು ಮಕ್ಕಳು. ತಂದೆ ತೀರಿಕೊಂಡು ಐದು ವರ್ಷ ದಾಟಿತ್ತು. ಅಣ್ಣ ರಿಕ್ಷಾ ಓಡಿಸುತ್ತಾರೆ. ಬೇಬಿಯಕ್ಕ 18 ವರ್ಷದವರೆಗೆ ವಿಶೇಷ ಶಾಲೆಯಲ್ಲಿ ಕಲಿತವರು. ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯುತ್ತಾರೆ, ಎಲ್ಲಿ ಕಂಡರೂ ಗುರುತು ಹಿಡಿಯುತ್ತಾರೆ, ಇಪ್ಪತ್ತರವರೆಗೆ ತಪ್ಪದೆ ಎಣಿಸುತ್ತಾರೆ.

ಕಾರ್ಖಾನೆಗೆ ಸೇರಿ ಆಗಲೇ ಒಂಬತ್ತು ವರ್ಷ. ಬೋರ್ಮಾ ಎಂಬ ಒಣಗಿಸುವ ಒಲೆಯಿಂದ ಬಂದ ಬೀಜದ ಮೇಲಿನ ಕೆಂಪು ಸಿಪ್ಪೆಯನ್ನು ಬಿಡಿಸುವುದು ನಾಜೂಕಿನ ಕೆಲಸ. ಬೀಜ ಇಡಿಯಾಗಿ ಉಳಿದರೆ ಅದಕ್ಕೆ ಬೆಲೆ, ತುಂಡಾದರೆ ಬೆಲೆ ಇಳಿಯುತ್ತದೆ. ಬೇಬಿಯಕ್ಕನ ಕೈ ನಿಧಾನ, ಆದರೆ ಅವರ ತಟ್ಟೆಯಲ್ಲಿ ತುಂಡು ಕಡಿಮೆ ಎಂದು ಅಲ್ಲಿನ ಮೇಲ್ವಿಚಾರಕಿಯೇ ನನಗೆ ಹೇಳಿದ್ದಾರೆ. ತಿಂಗಳಿಗೆ ಏಳು ಸಾವಿರದ ಆಸುಪಾಸು ದುಡಿಯುತ್ತಾರೆ. ಮೊದಲು ಆ ಹಣ ನಗದಾಗಿ ತಂದೆಯ ಕೈಗೆ ಬರುತ್ತಿತ್ತು. ತಂದೆ ತೀರಿದ ಮೇಲೆ, ಸಂಬಳವೆಲ್ಲ ಬ್ಯಾಂಕಿನ ಮೂಲಕ ಎಂದಾದಾಗ, ಕಚೇರಿಯವರು “ಸದ್ಯಕ್ಕೆ” ಅಣ್ಣನ ಖಾತೆಯ ಸಂಖ್ಯೆ ಬರೆದುಕೊಂಡರು. ಆ ‘ಸದ್ಯಕ್ಕೆ’ ನಾಲ್ಕು ವರ್ಷ ನಡೆಯಿತು. 2023ರಲ್ಲಿ ಪ್ರತಿ ಕೆಲಸಗಾರರದ್ದೂ ಸ್ವಂತ ಖಾತೆಯೇ ಬೇಕು ಎಂದು ಕಾರ್ಖಾನೆ ಪಟ್ಟು ಹಿಡಿದಾಗ ಅಣ್ಣ ಒಂದು ದಿನದ ಬಾಡಿಗೆ ಬಿಟ್ಟು ತಂಗಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋದರು.

ಆಧಾರ್ ಇತ್ತು, ಮತದಾರರ ಗುರುತಿನ ಚೀಟಿ ಇತ್ತು, ಎರಡು ಫೋಟೋ ಇತ್ತು. ಯಾರೋ ಹೇಳಿದರೆಂದು ಅಂಗವೈಕಲ್ಯ ಪ್ರಮಾಣಪತ್ರದ ಪ್ರತಿಯನ್ನೂ ಇಟ್ಟುಕೊಂಡಿದ್ದರು. ಉಳಿದ ಕಾಗದಗಳನ್ನು ಅಲ್ಲಿನ ಅಧಿಕಾರಿ ಸುಮ್ಮನೆ ತಿರುವಿ, ಈ ಒಂದನ್ನು ಎರಡು ಸಲ ಓದಿದರು. ‘75 ಶೇಕಡಾ’ ಎಂಬಲ್ಲಿ ಬೆರಳಿಟ್ಟು ಅಣ್ಣನಿಗೆ ಹೇಳಿದರು: “ಮುಕ್ಕಾಲು ಪಾಲು ಬುದ್ಧಿಯೇ ಇಲ್ಲ ಎಂದ ಮೇಲೆ ಇವಳ ಸಹಿಗೆ ಏನು ಬೆಲೆ? ಡಿ.ಸಿ. ಆಫೀಸಿನಿಂದ ಗಾರ್ಡಿಯನ್ ಸರ್ಟಿಫಿಕೇಟ್ ತನ್ನಿ.” ಅಣ್ಣನಿಗೆ ‘ಕುಳಿತುಕೊಳ್ಳಿ’ ಎಂದವರು ಬೇಬಿಯಕ್ಕನಿಗೆ ‘ನೀನು ಆಚೆ ನಿಲ್ಲು’ ಎಂದರು. ಈ ಎರಡನೆಯ ಮಾತನ್ನು ನನಗೆ ಹೇಳಿದವರು ಅಣ್ಣನಲ್ಲ, ಬೇಬಿಯಕ್ಕನೇ.

ಆ 75ರ ಬಗ್ಗೆ ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಆ ಅಧಿಕಾರಿಯಂತೆ ಓದುವವರು ಸಾವಿರ ಜನರಿದ್ದಾರೆ. ಅದು ಬುದ್ಧಿಯ ಪ್ರಮಾಣವಲ್ಲ. ಊಟ, ಬಟ್ಟೆ, ಓಡಾಟ, ಮಾತು, ಜನರೊಂದಿಗಿನ ಒಡನಾಟ ಇವುಗಳಲ್ಲಿ ಒಬ್ಬರು ಎಷ್ಟರ ಮಟ್ಟಿಗೆ ಸ್ವತಂತ್ರರು ಎಂದು ಅಳೆಯುವ ಒಂದು ಮಾಪನವಿದೆ. ಅದರ ಅಂಕ 55ರಿಂದ 69ರೊಳಗೆ ಬಂದರೆ ಸೌಮ್ಯ ಎಂದು 50 ಶೇಕಡಾ, 36ರಿಂದ 54ರೊಳಗೆ ಬಂದರೆ ಮಧ್ಯಮ ಎಂದು 75 ಶೇಕಡಾ, 21ರಿಂದ 35ರೊಳಗೆ ತೀವ್ರ ಎಂದು 90, ಅದಕ್ಕೂ ಕೆಳಗೆ ಅತಿ ತೀವ್ರ ಎಂದು 100. 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಇದು ಇದೇ ರೀತಿ ಇತ್ತು. ಇವು ಸೌಲಭ್ಯ ಹಂಚುವುದಕ್ಕೆ ಮಾಡಿಕೊಂಡ ಮೆಟ್ಟಿಲುಗಳು. 75ರ ಮೆಟ್ಟಿಲಲ್ಲಿ ನಿಂತವರಿಗೆ ಬುದ್ಧಿ ಕಾಲುಪಾಲು ಉಳಿದಿದೆ ಎಂಬ ಅರ್ಥ ಅದರಲ್ಲಿ ಎಲ್ಲಿಯೂ ಇಲ್ಲ. ಅದೇ ಅಧಿಕಾರಿ ಗುರುತಿಗಾಗಿ ಮತದಾರರ ಚೀಟಿಯನ್ನು ಒಪ್ಪಿಕೊಂಡಿದ್ದರು. ಸಮರ್ಥ ನ್ಯಾಯಾಲಯ ಅಸ್ವಸ್ಥ ಮನಸ್ಸಿನವರೆಂದು ಘೋಷಿಸಿದ ಹೊರತು ಯಾರ ಹೆಸರನ್ನೂ ಆ ಕಾರಣಕ್ಕೆ ಮತದಾರರ ಪಟ್ಟಿಯಿಂದ ಬಿಡುವಂತಿಲ್ಲ. ಬೇಬಿಯಕ್ಕ ಪ್ರತಿ ಚುನಾವಣೆಯಲ್ಲೂ ತಾಯಿಯ ಜೊತೆ ಹೋಗಿ ಮತ ಹಾಕಿ ಬಂದವರು. ಸರ್ಕಾರ ಆರಿಸಲು ಸಾಲುವ ವಿವೇಕ ಸ್ವಂತ ಕೂಲಿ ಇಟ್ಟುಕೊಳ್ಳಲು ಸಾಲಲಿಲ್ಲ.

ಇದು ನಡೆದದ್ದು ಬ್ಯಾಂಕುಗಳ ತವರಿನಲ್ಲಿ ಎಂಬುದು ನನ್ನನ್ನು ಇನ್ನೂ ಕಾಡುತ್ತದೆ. 1906ರಲ್ಲಿ ಮಂಗಳೂರಿನಲ್ಲೊಂದು, ಉಡುಪಿಯಲ್ಲೊಂದು ಬ್ಯಾಂಕು ಹುಟ್ಟಿದ ನೆಲ ಇದು. 1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಠೇವಣಿ ಶುರುವಾದಾಗ ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಅಕ್ಷರ ಬಾರದವರ ಹೆಬ್ಬೆಟ್ಟನ್ನು ನಂಬಿ ಬೆಳೆದ ವ್ಯವಹಾರ ಅದು.

ಅರ್ಜಿಯ ಒಂದು ಸಾಲು

ಮರುದಿನ ಅಣ್ಣ ನನ್ನ ಬಳಿಗೆ ಬಂದರು. ನಾನು ವಿಶೇಷ ಶಿಕ್ಷಕಿಯಾಗಿ ದುಡಿದು, ಈಗ ಹೆತ್ತವರ ಜೊತೆ ಕಾಗದಪತ್ರಗಳ ಕೆಲಸಕ್ಕೆ ಓಡಾಡುವವಳು. ಗಾರ್ಡಿಯನ್‌ಶಿಪ್, ಅಂದರೆ ಇನ್ನೊಬ್ಬರ ಪರವಾಗಿ ತೀರ್ಮಾನಿಸಿ ಸಹಿ ಹಾಕುವ ಪೋಷಕತ್ವದ ಅರ್ಜಿಗಳನ್ನು ಎಷ್ಟು ತುಂಬಿದ್ದೇನೆಂದು ಲೆಕ್ಕವಿಟ್ಟಿಲ್ಲ. ಅವರು ವಿಷಯ ಹೇಳಿ ಮುಗಿಸುವಷ್ಟರಲ್ಲಿ ನನ್ನ ಕೈ ನಮೂನೆಯ ಕಡತಕ್ಕೆ ಹೋಗಿತ್ತು. ಬೇಬಿಯಕ್ಕ ಎದುರಿನ ಬೆಂಚಿನ ಮೇಲೆಯೇ ಕುಳಿತಿದ್ದರು. ಅವರನ್ನು ನಾನು ಒಂದು ಮಾತೂ ಕೇಳಿರಲಿಲ್ಲ. ಇದು ನನ್ನ ತಪ್ಪು, ಇದನ್ನು ಬಿಟ್ಟು ಪ್ರಕರಣ ಬರೆದರೆ ಅದು ಸುಳ್ಳಾಗುತ್ತದೆ.

ನಮೂನೆಯನ್ನು ಅಣ್ಣನೇ ತುಂಬುತ್ತಿದ್ದರು. ಪೋಷಕತ್ವ ಯಾವ ಉದ್ದೇಶಕ್ಕೆ ಎಂಬಲ್ಲಿ ಅವರು ‘ಬ್ಯಾಂಕ್ ಮತ್ತು ಜಾಗದ ವ್ಯವಹಾರ’ ಎಂದು ಬರೆದರು. ಬ್ಯಾಂಕ್ ಸರಿ, ಜಾಗ ಏಕೆ ಎಂದು ಕೇಳಿದೆ. ತಂದೆ ಕ್ರಯಕ್ಕೆ ತೆಗೆದುಕೊಂಡ 18 ಸೆಂಟ್ಸ್ ಜಾಗವಿದೆ, ಹಳೆಯ ಮನೆ ಕೆಡವಿ ಕಟ್ಟಲು ಸಾಲ ಬೇಕು, ಸಾಲಕ್ಕೆ ಜಾಗ ತನ್ನೊಬ್ಬನ ಹೆಸರಿನಲ್ಲಿರಬೇಕು, ಅಮ್ಮ ಮತ್ತು ತಂಗಿ ಹಕ್ಕು ಬಿಡುಗಡೆ ಮಾಡಿಕೊಟ್ಟರೆ ಆಯಿತು, ತಂಗಿಯ ಪರವಾಗಿ ಗಾರ್ಡಿಯನ್ ಆಗಿ ತಾನೇ ಸಹಿ ಹಾಕಬಹುದಲ್ಲ ಎಂದರು. ಮುಚ್ಚುಮರೆ ಏನೂ ಇರಲಿಲ್ಲ. ತಂಗಿಯ ಪಾಲನ್ನು ತನಗೇ ಬರೆದುಕೊಡುವ ಕಾಗದಕ್ಕೆ ತಂಗಿಯ ಪರವಾಗಿ ತಾನೇ ಸಹಿ ಹಾಕುವುದರಲ್ಲಿ ಅವರಿಗೆ ಯಾವ ಅಸಹಜತೆಯೂ ಕಂಡಿರಲಿಲ್ಲ. ಅವಳನ್ನು ಸಾಕುವವನು ನಾನೇ ತಾನೆ, ಎಂದರು.

ಆಗ ನಾನು ಬೇಬಿಯಕ್ಕನ ಕಡೆಗೆ ತಿರುಗಿದೆ. ಬ್ಯಾಂಕಿಗೆ ಏಕೆ ಹೋದದ್ದು ಎಂದು ಕೇಳಿದೆ.

“ಪುಸ್ತಕಕ್ಕೆ.”

ಯಾವ ಪುಸ್ತಕ?

“ಎಲ್ಲರಿಗೂ ಉಂಟು. ಶನಿವಾರ ನೋಡುತ್ತಾರೆ. ನನಗೆ ಇಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣನ ಪುಸ್ತಕದಲ್ಲಿ ನನ್ನ ಹೆಸರು ಇಲ್ಲ” ಎಂದರು.

ಅಣ್ಣನ ಪಾಸ್‌ಬುಕ್ ತೆರೆದು, ತಮ್ಮ ಹೆಸರು ಹುಡುಕಿ, ಸಿಗದೆ ಇಟ್ಟಿದ್ದರು ಎಂದಾಯಿತು. ಯಾವಾಗ, ಎಷ್ಟು ಸಲ ಎಂದು ಯಾರಿಗೂ ಗೊತ್ತಿರಲಿಲ್ಲ. ನಾನು ನಮೂನೆಯನ್ನು ಮಡಚಿ ಕಡತದೊಳಗೆ ಇಟ್ಟೆ.

ಕಾನೂನು ಏನು ಹೇಳುತ್ತದೆ

ಬ್ಯಾಂಕು ಕೇಳಿದ ಕಾಗದ ಬರುವುದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಿಂದ. ಸ್ವಲೀನತೆ (ಆಟಿಸಂ), ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವ 18 ವರ್ಷ ದಾಟಿದವರಿಗೆ ಪೋಷಕರನ್ನು ನೇಮಿಸುವ ಅಧಿಕಾರ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಇದೆ. ನಮ್ಮಲ್ಲಿ ಆ ಕೆಲಸಕ್ಕೆ ಜಿಲ್ಲಾಧಿಕಾರಿ ಕಚೇರಿ ಇರುವ ಮಣಿಪಾಲದ ರಜತಾದ್ರಿಗೆ ಹೋಗಬೇಕು. ಆದರೆ ಅದೇ ಕಾಯ್ದೆಯ 14ನೇ ಕಲಂ ಸಮಿತಿಗೆ ಎರಡು ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತದೆ: ಈ ವ್ಯಕ್ತಿಗೆ ಪೋಷಕರ ಅಗತ್ಯ ನಿಜವಾಗಿ ಇದೆಯೇ? ಇದ್ದರೆ ಯಾವ ಉದ್ದೇಶಕ್ಕೆ? ಅರ್ಜಿ ಬಂದ ಕೂಡಲೇ ಕೊಡುವ ಕಾಗದ ಅದಲ್ಲ.

2007ರಲ್ಲಿ ರಿಸರ್ವ್ ಬ್ಯಾಂಕು, ಈ ಸಮಿತಿ ಕೊಟ್ಟ ಪ್ರಮಾಣಪತ್ರವನ್ನು ಖಾತೆ ತೆರೆಯಲು ಒಪ್ಪಿಕೊಳ್ಳಬಹುದು ಎಂದು ಬ್ಯಾಂಕುಗಳಿಗೆ ತಿಳಿಸಿತು. ಪೋಷಕರ ಅಗತ್ಯ ಇರುವವರ ಮನೆಯವರು ಪ್ರತಿ ಸಣ್ಣ ಕೆಲಸಕ್ಕೂ ಕೋರ್ಟು ಹತ್ತುವುದು ತಪ್ಪಲಿ ಎಂಬ ಅನುಕೂಲ ಅದು. ಕೌಂಟರಿಗೆ ಇಳಿದು ಬರುವಷ್ಟರಲ್ಲಿ ‘ಒಪ್ಪಿಕೊಳ್ಳಬಹುದು’ ಎಂಬುದು ‘ತರಲೇಬೇಕು’ ಎಂದಾಗಿಬಿಟ್ಟಿದೆ.

ಅದೇ 2007ರ ಅಕ್ಟೋಬರ್ 1ರಂದು ಭಾರತ ವಿಕಲಚೇತನರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿತು. ಅದರ 12ನೇ ವಿಧಿ ಕಾನೂನಿನ ಕಣ್ಣಿನಲ್ಲಿ ಎಲ್ಲರೂ ಸಮಾನ ವ್ಯಕ್ತಿಗಳು ಎನ್ನುತ್ತದೆ. ಅದನ್ನು ನೆಲಕ್ಕೆ ತಂದದ್ದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ 13ನೇ ಕಲಮನ್ನು ನಾನು ಚೀಲದಲ್ಲಿಟ್ಟುಕೊಂಡೇ ತಿರುಗುತ್ತೇನೆ. ಆಸ್ತಿ ಹೊಂದುವ, ಉತ್ತರಾಧಿಕಾರದಲ್ಲಿ ಪಡೆಯುವ, ತಮ್ಮ ಹಣಕಾಸನ್ನು ತಾವೇ ನಿಯಂತ್ರಿಸುವ, ಬ್ಯಾಂಕ್ ಸಾಲ ಪಡೆಯುವ ಹಕ್ಕು ಉಳಿದವರಷ್ಟೇ ವಿಕಲಚೇತನರಿಗೂ ಇದೆ ಎಂದು ಅದು ನೇರವಾಗಿ ಹೇಳುತ್ತದೆ. ಬೆಂಬಲ ಕೊಡುವವರಿಗೂ ಬೆಂಬಲ ಪಡೆಯುವವರಿಗೂ ಹಣ, ಆಸ್ತಿಯ ವಿಷಯದಲ್ಲಿ ಹಿತಾಸಕ್ತಿಯ ಘರ್ಷಣೆ ಬಂದರೆ ಬೆಂಬಲಿಗರು ಆ ವ್ಯವಹಾರದಿಂದ ಹಿಂದೆ ಸರಿಯಬೇಕು ಎನ್ನುತ್ತದೆ. ರಕ್ತಸಂಬಂಧ ಇದೆ ಎಂದ ಮಾತ್ರಕ್ಕೆ ಘರ್ಷಣೆ ಇದೆ ಎಂದು ತಿಳಿಯಬಾರದು ಎಂಬುದನ್ನೂ ಸೇರಿಸುತ್ತದೆ. ಈ ಮನೆಯಲ್ಲಿ ಘರ್ಷಣೆ ಇದ್ದದ್ದು ರಕ್ತಸಂಬಂಧದಿಂದಲ್ಲ, ನಮೂನೆಯಲ್ಲಿ ಅಣ್ಣನೇ ಬರೆದ ಆ ಸಾಲಿನಿಂದ.

ಈ 2016ರ ಕಾಯ್ದೆಯ 14ನೇ ಕಲಂ ಇನ್ನೂ ಮುಖ್ಯ. ಬೇಕಾದ ಬೆಂಬಲವನ್ನೆಲ್ಲ ಕೊಟ್ಟ ಮೇಲೂ ಕಾನೂನಿಗೆ ಬದ್ಧವಾಗುವ ನಿರ್ಧಾರ ಮಾಡಲು ಆಗದಿದ್ದರೆ ಮಾತ್ರ ‘ಸೀಮಿತ ಪೋಷಕತ್ವ’: ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ನಿರ್ಧಾರಕ್ಕೆ, ಇಬ್ಬರೂ ಕೂಡಿ, ಆ ವ್ಯಕ್ತಿಯ ಇಚ್ಛೆಯಂತೆ. ಅಂದರೆ ಬೆಂಬಲ ಮೊದಲು, ಪೋಷಕತ್ವ ಆಮೇಲೆ. ನಾವು ಇಷ್ಟು ವರ್ಷ ಮಾಡಿಕೊಂಡು ಬಂದದ್ದು ಇದಕ್ಕೆ ತಲೆಕೆಳಗು.

ಪೋಷಕತ್ವವೇ ಬೇಡ ಎನ್ನುವವಳಲ್ಲ ನಾನು. ಮಲಗಿದಲ್ಲೇ ಇರುವ, ಇಷ್ಟಾನಿಷ್ಟಗಳನ್ನು ಕಣ್ಣಿನಲ್ಲೂ ಸೂಚಿಸಲಾಗದ, 18 ದಾಟಿದ ಮಕ್ಕಳ ತಾಯಂದಿರಿಗೆ ಆ ಕಾಗದ ಇಲ್ಲದಿದ್ದರೆ ಮಗುವಿನ ಹೆಸರಿನ ಠೇವಣಿಯನ್ನೂ ಮುಟ್ಟಲಾಗುವುದಿಲ್ಲ. ಅವರಿಗಾಗಿ ಇನ್ನೂ ನಮೂನೆ ತುಂಬುತ್ತೇನೆ. ಆದರೆ ದಿನಾ ಬಸ್ಸು ಹತ್ತಿ ಕೆಲಸಕ್ಕೆ ಹೋಗಿ ಬರುವವರಿಗೂ ಅದೇ ಕಾಗದವನ್ನು ತೊಡಿಸಿದರೆ, ಒಂದು ಖಾತೆಗಾಗಿ ಅವರ ಇಡೀ ಬದುಕಿನ ಸಹಿಯನ್ನು ಇನ್ನೊಬ್ಬರ ಕೈಗೆ ಕೊಟ್ಟ ಹಾಗೆ.

ಜಗಲಿಯಲ್ಲಿ

ಆ ಭಾನುವಾರ ಅವರ ಮನೆಗೆ ಹೋದೆ. ಮಳೆ ಜೋರಿತ್ತು. ಜಗಲಿಯ ಮೂಲೆಯಲ್ಲಿ ಎರಡು ಪಾತ್ರೆ ಇಟ್ಟಿದ್ದರು, ಹೆಂಚಿನಿಂದ ಸೋರುವ ನೀರಿಗೆ. ಅಣ್ಣ ಸಾಲಕ್ಕೆ ಏಕೆ ಅವಸರಪಡುತ್ತಿದ್ದಾರೆಂದು ಅದೇ ಹೇಳುತ್ತಿತ್ತು.

ನಾಲ್ಕು ವರ್ಷದ ಸಂಬಳ ಎಲ್ಲಿ ಹೋಯಿತು ಎಂದು ನಾನು ಕೇಳಲಿಲ್ಲ. ಅತ್ತಿಗೆಯೇ ಎತ್ತಿದರು. “ಅವಳ ದುಡ್ಡು ನಾವು ತಿಂದದ್ದಲ್ಲ. ಹೋದ ವರ್ಷ ಅಡುಗೆಮನೆಯ ಮಾಡಿನ ಪಕ್ಕಾಸು ಬದಲಿಸಿದ್ದು ಯಾವುದರಲ್ಲಿ? ಅತ್ತೆಯ ಕಣ್ಣಿನ ಆಪರೇಷನ್?” ಅದೆಲ್ಲ ನಿಜವೇ. ಆ ಮನೆಯಲ್ಲಿ ಬೇಬಿಯಕ್ಕ ಹಸಿದಿದ್ದವರಲ್ಲ, ಬೈಸಿಕೊಂಡವರಲ್ಲ. ನಾನು ಹೇಳಿದ್ದು ಇಷ್ಟೆ: ಪಕ್ಕಾಸಿಗೆ ಹಣ ಕೊಟ್ಟವರು ಬೇಬಿಯಕ್ಕ ಎಂದು ಈ ಮನೆಯಲ್ಲಿ ಯಾರಾದರೂ ಅವರಿಗೆ ಹೇಳಿದ್ದೀರಾ? ಉತ್ತರ ಬರಲಿಲ್ಲ. ಬೇಬಿಯಕ್ಕ ಎದ್ದು ಒಳಗೆ ಹೋಗಿ ಅಡುಗೆಮನೆಯ ಮಾಡನ್ನು ನೋಡಿ ಬಂದು ಮತ್ತೆ ಕುಳಿತರು.

ಅಣ್ಣನ ಭಯ ಬೇರೆಯೇ ಆಗಿತ್ತು, ಅದನ್ನು ತಳ್ಳಿಹಾಕುವಂತಿರಲಿಲ್ಲ. ನಾಳೆ ಯಾರಾದರೂ ಪುಸಲಾಯಿಸಿ ಸಹಿ ಹಾಕಿಸಿಕೊಂಡರೆ? ಫೋನ್ ಮಾಡಿ ಒ.ಟಿ.ಪಿ. ಕೇಳಿದರೆ? ಓದಿದವರೇ ಮೋಸ ಹೋಗುವ ಕಾಲ ಇದು. ಈ ಅಪಾಯವನ್ನು ನಾನು ಸಣ್ಣದು ಮಾಡಲಿಲ್ಲ. ಅಪಾಯವಿದೆಯೆಂದು ನಿಮ್ಮ ಖಾತೆಯನ್ನು ಯಾರಾದರೂ ಕಿತ್ತುಕೊಂಡರೆ ಒಪ್ಪುತ್ತೀರಾ, ಬಾಗಿಲಿಗೆ ಅಗಳಿ ಹಾಕುತ್ತೀರಾ ಅಥವಾ ಮನೆಯನ್ನೇ ಬೇರೆಯವರಿಗೆ ಕೊಡುತ್ತೀರಾ ಎಂದು ಕೇಳಿದೆ. ಆಮೇಲೆ ಅಗಳಿ ಹೇಗಿರಬೇಕು ಎಂಬ ಮಾತಿಗೆ ಬಂದೆವು.

ತಾಯಿ ಬಹಳ ಹೊತ್ತು ಬಾಯಿ ಬಿಡಲಿಲ್ಲ. ಹೊರಡುವಾಗ ಅಂಗಳದ ತುದಿಯವರೆಗೆ ಬಂದು, “ನಾನು ಹೋದ ಮೇಲೆ ಇವಳಿಗೆ ಅಂತ ಏನಾದರೂ ಇರಬೇಕು, ಅಷ್ಟೇ” ಎಂದರು. ಅವರು ಕೇಳಿದ್ದು ಪಾಸ್‌ಬುಕ್ಕನ್ನಲ್ಲ, ಜಾಗವನ್ನು. ಮಗನೆದುರು ಹೇಳಲು ಅವರಿಂದ ಆಗಿರಲಿಲ್ಲ.

ಎರಡು ಬಗೆಯ ನೂರು

ನಮ್ಮ ತಯಾರಿ ಮೂರು ವಾರ ನಡೆಯಿತು. ಇಷ್ಟು ದುಡಿದದ್ದು ಸಾಮರ್ಥ್ಯವನ್ನು ಬ್ಯಾಂಕಿಗೆ ಸಾಬೀತುಪಡಿಸಲಿಕ್ಕಲ್ಲ. ಖಾತೆ ಸಿಕ್ಕ ಮೇಲೆ ಅದು ನಿಜಕ್ಕೂ ಅವರ ಕೈಯಲ್ಲಿ ಇರಬೇಕಲ್ಲ.

ನೋಟುಗಳನ್ನು ಬೇಬಿಯಕ್ಕ ಬಣ್ಣದಿಂದ ಗುರುತಿಸುತ್ತಿದ್ದರು. ಬೂದು ಬಣ್ಣದ್ದು ಐನೂರು, ಹಳದಿಯದ್ದು ಇನ್ನೂರು, ತಿಳಿ ನೇರಳೆಯದ್ದು ನೂರು. ತಪ್ಪೇ ಇರಲಿಲ್ಲ. ಒಂದು ದಿನ ನಾನು ಹಳೆಯ ನೂರರ ನೋಟನ್ನು, ಆ ನೀಲಿ ಹಸಿರಿನದ್ದನ್ನು, ಮೇಜಿನ ಮೇಲಿಟ್ಟೆ. ಅದನ್ನು ಅವರು ಬೆರಳ ತುದಿಯಿಂದ ಆಚೆಗೆ ಸರಿಸಿದರು. “ಇದು ನೂರು ಅಲ್ಲ.” ಎರಡರಲ್ಲೂ ಒಂದೇ ಅಂಕಿ ಇದೆ ನೋಡಿ ಎಂದೆ. ನೋಡಿದರು, ಮತ್ತೆ ಸರಿಸಿದರು. ಎರಡು ದಿನ ನನ್ನ ವಿವರಣೆಯೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗಾಯಿತು. ಮೂರನೆಯ ದಿನ ಕಾರ್ಖಾನೆಯ ಗೆಳತಿಯೊಬ್ಬರು ಸಂಜೆ ಅವರನ್ನು ಗೂಡಂಗಡಿಗೆ ಕರೆದುಕೊಂಡು ಹೋದರು. ಹೊಸ ನೂರು ಕೊಟ್ಟು ಒಂದು ಸಾಬೂನು ತೆಗೆದುಕೊಂಡರು. ಚಿಲ್ಲರೆಯನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಹಳೆಯ ನೂರು ಕೊಟ್ಟು ಅಂಥದ್ದೇ ಇನ್ನೊಂದು ಸಾಬೂನು. ಚಿಲ್ಲರೆಯನ್ನು ಮೊದಲ ಸಾಲಿನ ಕೆಳಗೆ ಇಟ್ಟರು. ಬೇಬಿಯಕ್ಕ ಎರಡು ಸಾಲನ್ನೂ ಒಂದೊಂದಾಗಿ ಎಣಿಸಿದರು. ಮರುದಿನ ನನ್ನ ಮೇಜಿನ ಮೇಲೆ ಎರಡು ಬಗೆಯ ನೂರನ್ನೂ ತಾವಾಗಿ ಒಂದೇ ರಾಶಿಗೆ ಹಾಕಿದರು.

ಆ ಗೆಳತಿಗೆ ವಿಶೇಷ ಶಿಕ್ಷಣದ ಯಾವ ತರಬೇತಿಯೂ ಆಗಿಲ್ಲ. ಕಾಯ್ದೆಯಲ್ಲಿರುವ ‘ಬೆಂಬಲ’ ಎಂಬ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥವನ್ನು ನಾನು ಯಾವ ಕಾರ್ಯಾಗಾರದಲ್ಲೂ ಕೇಳಿಲ್ಲ.

ಬೆಂಬಲದ ಏರ್ಪಾಟನ್ನು ಒಂದು ಹಾಳೆಯಲ್ಲಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಪಕ್ಕದಲ್ಲಿ ಚಿತ್ರ ಬಿಡಿಸಿ ಬರೆದೆವು. ಬ್ಯಾಂಕಿಗೆ ಜೊತೆಯಲ್ಲಿ ಬರುವವರು ತಾಯಿ ಅಥವಾ ಆ ಗೆಳತಿ. ಅಣ್ಣ ಈ ವಿಷಯದಲ್ಲಿ ಹೊರಗೆ, ಅದಕ್ಕೆ ಅವರೂ ಒಪ್ಪಿದರು, ಸುಲಭವಾಗಿ ಅಲ್ಲದಿದ್ದರೂ. ತಿಂಗಳಿಗೆ ಮನೆಗೆ ನಾಲ್ಕು ಸಾವಿರ, ಕೈಯಲ್ಲಿ ಐನೂರು, ಉಳಿದದ್ದು ಪುಸ್ತಕದಲ್ಲಿ. ಈ ಲೆಕ್ಕವನ್ನು ಬೇಬಿಯಕ್ಕ ತಾಯಿಯ ಜೊತೆ ಕುಳಿತು ನೋಟುಗಳನ್ನು ಮೂರು ರಾಶಿ ಮಾಡಿ ತೀರ್ಮಾನಿಸಿದರು. ಬೇಡವೆನಿಸಿದರೆ ಈ ಏರ್ಪಾಟನ್ನು ಬದಲಿಸುವ ಅಧಿಕಾರವೂ ಅವರದ್ದೇ, ಅದು ಕೂಡ 13ನೇ ಕಲಮಿನಲ್ಲಿದೆ.

ಕೆಲವರಿಗೆ ಉಪಯೋಗವಾಗಬಹುದಾದ ಒಂದು ವಿಷಯ ಇಲ್ಲಿ ಹೇಳಬೇಕು. ಮೊದಲ ಸಲದ ಬ್ಯಾಂಕ್ ಅರ್ಜಿಯಲ್ಲಿ ಮೊಬೈಲ್ ಸಂಖ್ಯೆ ಅಣ್ಣನದ್ದಿತ್ತು. ಖಾತೆ ಯಾರದ್ದೇ ಇರಲಿ, ಸಂದೇಶ, ಒ.ಟಿ.ಪಿ. ಹೋಗುವುದು ಆ ಸಂಖ್ಯೆಗೆ. ಹೆಸರು ಒಬ್ಬರದ್ದು, ಕೀಲಿಕೈ ಇನ್ನೊಬ್ಬರದ್ದು. ಎಷ್ಟೋ ಮನೆಗಳಲ್ಲಿ ‘ಮಗಳ ಖಾತೆ ಇದೆ’ ಎಂದು ತೋರಿಸುವುದು ಇಂಥದ್ದನ್ನೇ. ಬೇಬಿಯಕ್ಕನ ಹೆಸರಿನಲ್ಲೇ ಸಿಮ್ ತೆಗೆದು, ಗುಂಡಿಯೊತ್ತುವ ಸಾದಾ ಫೋನಿಗೆ ಹಾಕಿಸಿದೆವು. ಫೋನಿನಲ್ಲಿ ಯಾರು ನಂಬರ್ ಕೇಳಿದರೂ ‘ಅಮ್ಮನನ್ನು ಕೇಳಿ ಹೇಳುತ್ತೇನೆ’ ಎಂದು ಇಟ್ಟುಬಿಡುವುದನ್ನು ನಾವೆಲ್ಲರೂ ಸರದಿಯಲ್ಲಿ ಕರೆ ಮಾಡಿ ಅಭ್ಯಾಸ ಮಾಡಿಸಿದೆವು. ನನ್ನ ಕರೆಗೂ ಅದೇ ಉತ್ತರ ಕೊಟ್ಟು ಇಟ್ಟ ದಿನ ನನಗಾದ ಸಂತೋಷ ಹೇಳತೀರದು.

ಮತ್ತೆ ಬ್ಯಾಂಕು

ಈ ಬಾರಿ ಕೈಯಲ್ಲಿ ಒಂದು ಪತ್ರವಿತ್ತು, ಬೇಬಿಯಕ್ಕನ ಹೆಸರಿನಲ್ಲಿ, ಅವರದ್ದೇ ಸಹಿಯೊಂದಿಗೆ. 13ನೇ ಕಲಂ ಏನು ಹೇಳುತ್ತದೆ, ಪೋಷಕತ್ವ ಏಕೆ ಬೇಕಿಲ್ಲ, ಬೆಂಬಲಕ್ಕೆ ಯಾರಿದ್ದಾರೆ ಎಂಬಷ್ಟು. ಕೊನೆಯಲ್ಲಿ ಒಂದೇ ಕೋರಿಕೆ: ಖಾತೆ ತೆರೆಯಲು ಆಗದಿದ್ದರೆ ದಯವಿಟ್ಟು ಕಾರಣವನ್ನು ಬರೆದುಕೊಡಿ. ಕಾಯ್ದೆ ಉಲ್ಲಂಘಿಸಿದರೆ ಮೊದಲ ಸಲಕ್ಕೆ ಹತ್ತು ಸಾವಿರದವರೆಗೆ ದಂಡವಿದೆ. ಅದನ್ನು ನಾನು ಬೇಕೆಂದೇ ಬರೆಯಲಿಲ್ಲ. ಬೇಬಿಯಕ್ಕ ಪ್ರತಿ ತಿಂಗಳೂ ಹೋಗಬೇಕಾದ ಜಾಗ ಅದು, ಬೆದರಿಸಿ ತೆಗೆಸಿದ ಬಾಗಿಲು ಎರಡನೆಯ ಸಲಕ್ಕೆ ಬಿಗಿಯಾಗುತ್ತದೆ. ಬಾಯಲ್ಲಿ ‘ಆಗುವುದಿಲ್ಲ’ ಎನ್ನುವವರಿಗೆ ಅದನ್ನೇ ಕಾಗದದ ಮೇಲೆ ಬರೆಯುವುದು ಬಹಳ ಕಷ್ಟ, ನನ್ನ ಅನುಭವದಲ್ಲಿ ಅದಕ್ಕಿಂತ ದೊಡ್ಡ ಅಸ್ತ್ರವಿಲ್ಲ. ಬ್ಯಾಂಕಿಗೆ ದೂರು ಕೊಟ್ಟು 30 ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಸಿವಿಲ್ ಕೋರ್ಟಿನ ಅಧಿಕಾರವಿರುವ ರಾಜ್ಯ ವಿಕಲಚೇತನರ ಆಯುಕ್ತರಿದ್ದಾರೆ. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಹನ್ನೊಂದು ದಿನ ಸುದ್ದಿಯಿಲ್ಲ. ಆಮೇಲೆ ಮ್ಯಾನೇಜರ್ ಕರೆಸಿದರು. ಕೆಟ್ಟ ಮನುಷ್ಯರಲ್ಲ. “ನಾಳೆ ಆಡಿಟ್‌ನಲ್ಲಿ ಕೇಳಿದರೆ ನಾನು ಏನು ಹೇಳಲಿ? ಡಾಕ್ಟರಿಂದ ಇವರಿಗೆ ಅರ್ಥವಾಗುತ್ತದೆ ಎಂದು ಒಂದು ಪತ್ರ ತಂದುಕೊಡಿ” ಎಂದರು. ನಿಮ್ಮ ಉಳಿದ ಗ್ರಾಹಕರಿಂದ ಅಂಥ ಪತ್ರ ಕೇಳುತ್ತೀರಾ ಸರ್ ಎಂದೆ. ಪತ್ರದ ಬದಲು ನೀವೇ ಹತ್ತು ನಿಮಿಷ ಇವರ ಜೊತೆ ಮಾತಾಡಿ, ನಾವು ಹೊರಗೆ ಕೂರುತ್ತೇವೆ ಎಂದೆ. ತಾಯಿ ಮಾತ್ರ ಒಳಗಿದ್ದರು. ನಡೆದದ್ದನ್ನು ಹೇಳಿದವರು ಅವರೇ.

ಮ್ಯಾನೇಜರ್ ಮೊದಲು ತುಳುವಿನಲ್ಲಿ “ಕುಲ್ಲುಲೆ” ಎಂದರಂತೆ. ಕುಳಿತುಕೊಳ್ಳಿ. ಆಮೇಲೆ, ಹಣ ಎಲ್ಲಿಂದ ಬರುತ್ತದೆ?

“ಬೀಜದಿಂದ.”

ಪುಸ್ತಕ ಯಾರ ಹತ್ತಿರ ಇರುತ್ತದೆ?

“ಅಮ್ಮನ ಪೆಟ್ಟಿಗೆಯಲ್ಲಿ. ಕೀಲಿಕೈ ನನ್ನ ಹತ್ತಿರ.”

ಯಾರಾದರೂ ಸಹಿ ಹಾಕು ಎಂದರೆ?

ಇದಕ್ಕೆ ಬೇಬಿಯಕ್ಕ ಏನೂ ಹೇಳಲಿಲ್ಲವಂತೆ. ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ ಅದರ ಮುಚ್ಚಳ ಹಾಕಿ ಕೆಳಗಿಟ್ಟರಂತೆ.

ಖಾತೆ ತೆರೆಯಿತು. ಸಹಿಯ ಮೂರನೆಯ ಅಕ್ಷರ ಒಂದೊಂದು ಸಲ ಒಂದೊಂದು ರೀತಿ ಬರುತ್ತದೆಂದು ಸಹಿಯ ಜೊತೆಗೆ ಎಡಗೈ ಹೆಬ್ಬೆಟ್ಟು, ಫೋಟೋ ಎರಡನ್ನೂ ತೆಗೆದುಕೊಂಡರು. ಚೆಕ್ ಪುಸ್ತಕ ನಾವೂ ಕೇಳಲಿಲ್ಲ. ಎ.ಟಿ.ಎಂ. ಕಾರ್ಡಿಗೆ ಮ್ಯಾನೇಜರ್ ಒಪ್ಪಲಿಲ್ಲ, ಆರು ತಿಂಗಳ ನಂತರ ನೋಡೋಣ ಎಂದರು. ಆರು ತಿಂಗಳು ಕಳೆದು ಬಹಳ ದಿನವಾಯಿತು. ಗೆಳತಿಯರ ಕೈಯಲ್ಲಿ ಕಾರ್ಡ್ ನೋಡಿ ಬೇಬಿಯಕ್ಕ ಕೇಳುತ್ತಲೇ ಇದ್ದಾರೆ, ನಾವು ಇನ್ನೊಂದು ಪತ್ರ ಕೊಟ್ಟಿದ್ದೇವೆ. ಮುಗಿದಿಲ್ಲ.

ಜಾಗದ ವಿಷಯ

ನಮ್ಮದು ಅಳಿಯಕಟ್ಟಿನ ನಾಡು, ಆಸ್ತಿ ಹೆಣ್ಣಿನ ಕಡೆಯಿಂದ ಹರಿದ ನಾಡು ಎಂದು ಹೆಮ್ಮೆಪಡುತ್ತೇವೆ. ಆದರೂ ‘ಅವಳಿಗೇಕೆ ಜಾಗ’ ಎಂಬ ಮಾತು ಇಂಥ ಮಗಳ ವಿಷಯದಲ್ಲಿ ಯಾರ ಕಿವಿಗೂ ಒರಟಾಗಿ ಕೇಳುವುದಿಲ್ಲ. ಕಾನೂನು ಸ್ಪಷ್ಟವಾಗಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ, ಯಾವುದೇ ಕಾಯಿಲೆ, ನ್ಯೂನತೆ, ಅಂಗವೈಕಲ್ಯದ ಕಾರಣಕ್ಕೆ ಯಾರ ಉತ್ತರಾಧಿಕಾರವೂ ತಪ್ಪುವುದಿಲ್ಲ ಎನ್ನುತ್ತದೆ. ತಂದೆ ಉಯಿಲು ಬರೆದಿರಲಿಲ್ಲ. ಹಾಗಾಗಿ 18 ಸೆಂಟ್ಸಿನಲ್ಲಿ ತಾಯಿಗೆ ಆರು, ಮಗನಿಗೆ ಆರು, ಮಗಳಿಗೆ ಆರು.

ಪಾಲು ಇರುವುದು ಒಂದು, ಅದನ್ನು ಕಾಗದದ ಮೇಲೆ ಮಾಡಿಕೊಳ್ಳುವುದು ಇನ್ನೊಂದು. ಖಾತೆ ತೆರೆಯುವುದು ಬೇಬಿಯಕ್ಕನಿಗೆ ಅರ್ಥವಾಗುವ ವಿಷಯ, ವಿಭಾಗ ಪತ್ರದ ಕಟ್ಟುನಿಟ್ಟುಗಳು ಅಷ್ಟು ಸುಲಭವಲ್ಲ. 1872ರ ಕರಾರು ಕಾಯ್ದೆ ಕೂಡ, ಆ ಕರಾರು ಮಾಡುವ ಹೊತ್ತಿನಲ್ಲಿ ಅದನ್ನು ಅರ್ಥಮಾಡಿಕೊಂಡು ತನ್ನ ಹಿತಕ್ಕೆ ಏನಾಗುತ್ತದೆಂದು ತೂಗಬಲ್ಲರೇ ಎಂದು ಕೇಳುತ್ತದೆ, ಪ್ರಮಾಣಪತ್ರದ ಶೇಕಡಾವಾರು ಎಷ್ಟು ಎಂದು ಕೇಳುವುದಿಲ್ಲ. ಆದ್ದರಿಂದ ಇಲ್ಲಿ ನಾನು ಪೋಷಕತ್ವಕ್ಕೆ ಅಡ್ಡ ಬರಲಿಲ್ಲ. ಆದರೆ ಅದು ಸೀಮಿತವಾಗಿರಬೇಕು, ಈ ಒಂದು ಪತ್ರಕ್ಕೆ ಮಾತ್ರ ಇರಬೇಕು, ಪಾಲುದಾರರಲ್ಲದವರು ಆಗಬೇಕು. ತಾಯಿಯ ತಂಗಿ ಒಪ್ಪಿದ್ದಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ವಕೀಲರು ಸಿಕ್ಕಿದ್ದಾರೆ. ವಿಕಲಚೇತನರಿಗೆ ಉಚಿತ ಕಾನೂನು ನೆರವಿಗೆ ಆದಾಯದ ಮಿತಿಯಿಲ್ಲ ಎಂಬುದು ಅನೇಕ ಮನೆಗಳಿಗೆ ಇನ್ನೂ ತಿಳಿದಿಲ್ಲ.

ಅಣ್ಣ ಮೊದಮೊದಲು ನನ್ನ ಜೊತೆ ಮಾತು ಬಿಟ್ಟಿದ್ದರು. ಮನೆ ಕಟ್ಟುವುದು ಎರಡು ವರ್ಷ ಮುಂದಕ್ಕೆ ಹೋದದ್ದು ನಿಜ, ಎರಡು ಮಳೆಗಾಲ ಆ ಪಾತ್ರೆಗಳು ಜಗಲಿಯಲ್ಲೇ ಇದ್ದವು. ಆ ಕಷ್ಟವನ್ನು ಇಡೀ ಮನೆ ಹೊತ್ತಿದೆ, ಬೇಬಿಯಕ್ಕನೂ ಸೇರಿ. ತನ್ನ ಆರು ಸೆಂಟ್ಸಿನ ಮೇಲೆಯೇ ಸಣ್ಣ ಸಾಲ ಸಿಗುತ್ತದೆಯೇ ಎಂದು ಅವರು ಈಗ ವಿಚಾರಿಸುತ್ತಿದ್ದಾರೆ. ತಿಂಗಳ ಮೊದಲ ಶನಿವಾರ ಬೇಬಿಯಕ್ಕನನ್ನೂ ಗೆಳತಿಯನ್ನೂ ರಿಕ್ಷಾದಲ್ಲಿ ಬ್ಯಾಂಕಿನವರೆಗೆ ಬಿಟ್ಟು, ತಾವು ಹೊರಗೆ ನಿಲ್ಲುತ್ತಾರೆ.

ವಕೀಲರ ಕಚೇರಿಯಲ್ಲಿ ಎಲ್ಲರೂ ಸೇರಿದ್ದು ಕಳೆದ ತಿಂಗಳು. ಜಾಗದ ನಕ್ಷೆ ಮೇಜಿನ ಮೇಲಿತ್ತು. ವಕೀಲರು ಗಡಿ ಎಲ್ಲಿ ಹಾಕುವುದೆಂದು ಅಣ್ಣನನ್ನು ಕೇಳುತ್ತಿದ್ದರು. ಬೇಬಿಯಕ್ಕ ಎದ್ದು ಹತ್ತಿರ ಬಂದರು. ನಕ್ಷೆಯಲ್ಲಿ ಅವರಿಗೆ ಏನೂ ತಿಳಿಯಲಿಲ್ಲ, ಅದನ್ನು ಬಿಟ್ಟು ವಕೀಲರ ಮುಖ ನೋಡಿ ಹೇಳಿದರು: “ಬಾವಿ ಬದಿಯ ಹಲಸಿನ ಮರ ನನ್ನ ಕಡೆಗೆ.” ಏಕೆಂದು ವಕೀಲರು ಕೇಳಿದರು.

“ಬೆಳಿಗ್ಗೆ ತರಗೆಲೆ ಗುಡಿಸುವುದು ನಾನು. ಹಂಡೆಗೆ ಬೆಂಕಿ ಹಾಕುವುದು ಅದರಲ್ಲೇ.”

ವಕೀಲರು ಅಣ್ಣನ ಕಡೆ ನೋಡಿದರು. ಅಣ್ಣ ತಲೆಯಾಡಿಸಿದರು. ಮರ ಯಾವ ಕಡೆಗೆ ಎಂಬುದನ್ನು ಕರಡಿನಲ್ಲಿ ಬರೆದುಕೊಂಡರು.